ಮಂಚದ ಮೇಲೆಯೇ ಬಾಹ್ಯಾಕಾಶ: ಹೇಗೆ ಮಾಡುತ್ತಾರೆ?

ತೂಕವಿಲ್ಲದ ಸ್ಥಿತಿಯಲ್ಲಿ ದೇಹ ಏನಾಗುತ್ತದೆಂದು ನೋಡಲು ರಾಕೆಟ್ಟೇ ಬೇಕೆಂದಿಲ್ಲ, ಮಂಚವೊಂದಿದ್ದರೂ ನಡೆಯುತ್ತದೆ. ಜರ್ಮನಿಯ ಕಲೋನ್‌ನಲ್ಲಿ 2019ರಲ್ಲಿ ಸ್ವಯಂಸೇವಕರು ಇದಕ್ಕಾಗಿಯೇ 60 ದಿನ ಮಲಗಿದ್ದರು. ವೈದ್ಯರ ಕಾವಲಿಲ್ಲದೆ ಮನೆಯಲ್ಲಿ ಮಾಡುವ ಪ್ರಯೋಗವಂತೂ ಅಲ್ಲ.

ಮೊದಲು ಮಂಚವನ್ನು ಓರೆ ಮಾಡಬೇಕು. ಕಾಲಿನ ಕಡೆ ಎತ್ತರ, ತಲೆಯ ಕಡೆ ತಗ್ಗು; ಇಳಿಜಾರು 6 ಡಿಗ್ರಿ. ಮಂಚ ಎರಡು ಮೀಟರ್ ಉದ್ದವಿದ್ದರೆ ಒಂದು ತುದಿಗಿಂತ ಇನ್ನೊಂದು ತುದಿ ಸುಮಾರು 20 ಸೆಂ.ಮೀ. ಕೆಳಗೆ. ನೋಡುವವರಿಗೆ ಇದು ಅಷ್ಟೇನೂ ಅನ್ನಿಸದು.

ಎರಡನೆಯದು, ಏಳದಿರುವುದು. ನನ್ನನ್ನು ಕೇಳಿದರೆ ಕಷ್ಟವೆಲ್ಲ ಇಲ್ಲೇ ಇದೆ. ದಿಂಬಿಲ್ಲ. ಊಟ, ಸ್ನಾನ, ಶೌಚ ಎಲ್ಲವೂ ಮಲಗಿಯೇ. ಹೊರಳಾಡಬಹುದು, ಆದರೆ ಒಂದು ಭುಜವಾದರೂ ಹಾಸಿಗೆಗೆ ತಾಗಿರಬೇಕು.

ಮುಂದಿನದನ್ನು ದೇಹವೇ ನೋಡಿಕೊಳ್ಳುತ್ತದೆ. ಕಾಲಿನಲ್ಲಿದ್ದ ರಕ್ತ ಮತ್ತು ದ್ರವ ಎದೆ, ತಲೆಗಳತ್ತ ಸರಿಯುತ್ತವೆ. ಮುಖ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ, ಕಾಲು ಸಣಕಲಾಗುತ್ತದೆ. ಗಗನಯಾತ್ರಿಗಳ ಫೋಟೊಗಳಲ್ಲಿ ಕೆನ್ನೆ ತುಂಬಿಕೊಂಡಂತೆ ಕಾಣುವುದು ಆರೋಗ್ಯದ ಕಳೆಯಲ್ಲ, ಇದೇ ಊತ. ಎದೆಯಲ್ಲಿ ದ್ರವ ತುಂಬಿದ್ದನ್ನು ಕಂಡು ದೇಹ ಮೋಸಹೋಗುತ್ತದೆ. ನೀರು ಅತಿಯಾಯಿತೆಂದು ಎಣಿಸಿ ಮೂತ್ರದ ಮೂಲಕ ಹೊರಗೆ ಕಳಿಸುತ್ತದೆ. ಹೀಗೆ ರಕ್ತದ ಒಟ್ಟು ಪ್ರಮಾಣವೇ ಇಳಿಯುತ್ತದೆ.

ವಾರಗಳು ಉರುಳಿದಂತೆ ಮೀನಖಂಡ ಸೊರಗುತ್ತದೆ. ಮೂಳೆಯದು ಇನ್ನೂ ನಿಷ್ಠುರ ಲೆಕ್ಕ: ಭಾರ ಹೊರದ ಮೂಳೆಯನ್ನು ದೇಹ ಸುಮ್ಮನೆ ಸಾಕುವುದಿಲ್ಲ. ಬಾಹ್ಯಾಕಾಶದಲ್ಲಿ ಸೊಂಟದಂಥ ಭಾರ ಹೊರುವ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಕುಸಿಯಬಹುದು. ಹಾಗೆ ಕರಗಿದ ಕ್ಯಾಲ್ಸಿಯಂ ಮೂತ್ರಕ್ಕೆ ಸೇರುವುದರಿಂದ ಮೂತ್ರಪಿಂಡದ ಕಲ್ಲಿನ ಭಯ ಬೇರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮವನ್ನು ಯಾರೂ ತಪ್ಪಿಸದಿರುವುದು ಇದೇ ಕಾರಣಕ್ಕೆ.

ಮಂಚದಿಂದ ಆಗದ್ದೂ ಒಂದಿದೆ. ಮೇಲು ಯಾವುದು, ಕೆಳಗು ಯಾವುದು ಎಂದು ಒಳಕಿವಿಗೆ ತಿಳಿಯದೆ ಗಗನಯಾತ್ರಿಗಳಿಗೆ ಮೊದಲ ದಿನಗಳಲ್ಲಿ ಬರುವ ವಾಕರಿಕೆ ಇಲ್ಲಿ ಬರುವುದಿಲ್ಲ. ಮಲಗಿದವರ ಬೆನ್ನಿನಡಿ ಭೂಮಿ ಇದ್ದೇ ಇರುತ್ತದಲ್ಲ!

ಕೊನೆಯದು ಎದ್ದು ನಿಲ್ಲುವುದು. ಪಟ್ಟಿ ಬಿಗಿದು, ಮಲಗಿದ ಹಲಗೆಯನ್ನೇ ಮೆಲ್ಲನೆ ಎತ್ತುತ್ತಾರೆ. ಮೊದಲೇ ಕಡಿಮೆಯಾಗಿರುವ ರಕ್ತ ಕಾಲಿಗಿಳಿಯುತ್ತದೆ, ನಾಡಿ ಓಡತೊಡಗುತ್ತದೆ, ಕೆಲವರಿಗೆ ಕಣ್ಣು ಕತ್ತಲಿಡುತ್ತದೆ. ಅದನ್ನು ದಾಟಿ ನೆಲಕ್ಕೆ ಕಾಲಿಟ್ಟರೆ, ಎರಡು ತಿಂಗಳು ಭಾರವನ್ನೇ ಕಾಣದೆ ಮೆತ್ತಗಾದ ಅಂಗಾಲು ನೋಯುತ್ತದೆ.