ಎಂಟನೇ ತರಗತಿಯ ‘ಗ್ರಾಜುಯೇಷನ್’ ಉಡುಗೊರೆ: ರಸೀದಿ ಬಿಸಾಡಬೇಡಿ

ರಜೆಗೆಂದು ಊರಿಗೆ ಬಂದವನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತೀರ್ಥಹಳ್ಳಿ ಕಡೆಯ ಪರಿಚಯದ ದಂಪತಿ ಸಿಕ್ಕಿದರು. ಅಮೆರಿಕದಲ್ಲಿರುವ ಮೊಮ್ಮಗನ ಗ್ರಾಜುಯೇಷನ್ನಿಗೆ ಹೊರಟಿದ್ದರು, ಕೈಯಲ್ಲಿ ಬೆಳ್ಳಿಯ ಪಂಚಪಾತ್ರೆ. ಹುಡುಗನಿಗೆ ಹದಿನಾಲ್ಕು ವರ್ಷ. ‘ಬುದ್ಧಿವಂತ, ಡಿಗ್ರಿ ಬೇಗ ಮುಗಿಸಿಬಿಟ್ಟ’ ಎಂದು ಬೀದಿಗೆಲ್ಲ ಮೈಸೂರು ಪಾಕ್ ಹಂಚಿಯೂ ಆಗಿತ್ತು. ನಾನು ನಗಲಿಲ್ಲ. ಅಲ್ಲಿಗೆ ಹೋದ ಮೊದಲ ವರ್ಷ ನಾನು ಮಾಡಿದ ಎಡವಟ್ಟು ಇದಕ್ಕಿಂತ ದುಬಾರಿಯದು.

ಅಲ್ಲಿ ಮಿಡ್ಲ್ ಸ್ಕೂಲ್ ಎಂದರೆ ಹೆಚ್ಚಿನ ಕಡೆ ಆರರಿಂದ ಎಂಟನೇ ತರಗತಿ. ಅದು ಮುಗಿದಾಗ, ಮೇ ಕೊನೆಗೋ ಜೂನ್‌ನಲ್ಲೋ ‘ಗ್ರಾಜುಯೇಷನ್’ ಎಂಬ ಸಮಾರಂಭ, ಆಮೇಲೆ ಹೈಸ್ಕೂಲು. ಕೆಲವು ಶಾಲೆಗಳು ಇದನ್ನು ‘ಪ್ರಮೋಷನ್’ ಎನ್ನುತ್ತವೆ, ನನ್ನ ಪ್ರಕಾರ ಅದೇ ಪ್ರಾಮಾಣಿಕ ಹೆಸರು. ನಾನು ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಪಾಸಾದಾಗ ಅಪ್ಪ ಒಂದು ಇಂಕ್ ಪೆನ್ನು ಕೊಡಿಸಿ, ‘ಈಗ ಅಡಿಕೆ ಹರವು ಹೋಗು’ ಎಂದಿದ್ದರು.

ಹಾಗಾಗಿ ಉಡುಗೊರೆ ಸಣ್ಣದಿರಲಿ. ನಮ್ಮ ಬಳಗದಲ್ಲಿ ಸ್ನೇಹಿತರ ಮಕ್ಕಳಿಗೆ 25ರಿಂದ 50 ಡಾಲರ್ ಕೊಡುವ ರೂಢಿ. ಬಟ್ಟೆ ಕೊಡುವುದಾದರೆ ಅಂಗಡಿಯಲ್ಲಿ ‘ಗಿಫ್ಟ್ ರಸೀದಿ’ ಕೇಳಿ ಪಡೆಯಿರಿ. ಅದರಲ್ಲಿ ಬೆಲೆ ಕಾಣುವುದಿಲ್ಲ, ಆದರೆ ಪಡೆದವರು ಅಳತೆಯನ್ನೋ ಬಣ್ಣವನ್ನೋ ಬದಲಿಸಿಕೊಳ್ಳಬಹುದು. ಈ ಒಂದು ವಿಷಯದಲ್ಲಿ ಅವರ ಪದ್ಧತಿ ನಮ್ಮದಕ್ಕಿಂತ ಮೇಲು. ನಮ್ಮಲ್ಲಿ ಮುಯ್ಯಿಗೆ ಬಂದ ಸೀರೆ ಮೂರು ಮದುವೆ ಸುತ್ತಿ ಕೊಟ್ಟವರ ಮನೆಗೇ ಮರಳುತ್ತದೆ. ಮೊಬೈಲನ್ನಾಗಲಿ ಸಿಮ್ ಹಾಕುವ ಕೈಗಡಿಯಾರವನ್ನಾಗಲಿ ತಂದೆತಾಯಿಯನ್ನು ಕೇಳದೆ ಕೊಡಬೇಡಿ. ತಿಂಗಳ ಬಿಲ್ಲು ಅವರ ತಲೆಗೆ.

ಇನ್ನು ಗಿಫ್ಟ್ ಕಾರ್ಡ್. ಇಲ್ಲಿ ನಿಧಾನವಾಗಿ ಓದಿ.

ಇದರಲ್ಲಿ ಎರಡು ಬಗೆ. ಒಂದು, ಒಂದೇ ಅಂಗಡಿಯಲ್ಲಿ ನಡೆಯುವುದು. 50 ಡಾಲರ್ ಕೊಟ್ಟರೆ 50 ಡಾಲರ್ ಕಾರ್ಡು. ಇನ್ನೊಂದು ಎಲ್ಲ ಕಡೆ ನಡೆಯುವುದು, ಇದಕ್ಕೆ ಮೇಲಿಂದ ಕೆಲವು ಡಾಲರ್ ಶುಲ್ಕ. ಆ ಮೊದಲ ವರ್ಷ ದೊಡ್ಡಸ್ತಿಕೆಗೆ ನಾನು ಸ್ನೇಹಿತರೊಬ್ಬರ ಮಗನಿಗೆ ಎರಡನೆಯ ಬಗೆಯದೇ 100 ಡಾಲರಿನದು ತಂದುಕೊಟ್ಟೆ. ರಸೀದಿಯನ್ನು ಪಾರ್ಕಿಂಗಿನ ಕಸದ ಡಬ್ಬಿಗೆ ಎಸೆದೆ. ಹುಡುಗ ಕೈಬರಹದಲ್ಲಿ ‘ಥ್ಯಾಂಕ್ ಯೂ’ ಕಾರ್ಡ್ ಬರೆದು, ಹೈಸ್ಕೂಲಿಗೆ ಹೊಸ ಬ್ಯಾಗ್ ಕೊಳ್ಳುತ್ತೇನೆಂದು ತಿಳಿಸಿದ. ಆಗಸ್ಟಿನಲ್ಲಿ ಬ್ಯಾಗ್ ಹಿಡಿದು ಕೌಂಟರಿಗೆ ಹೋದರೆ ಕಾರ್ಡಿನಲ್ಲಿ ಸೊನ್ನೆ. ನನಗೆ ಬೇಸರವಾದೀತೆಂದು ಮೂರು ವಾರ ಬಾಯಿ ಬಿಡಲಿಲ್ಲ. ಅವನ ತಾಯಿ ಹೇಳಿದಾಗ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ಗುಪ್ತ ಸಂಖ್ಯೆಯ ಮೇಲಿನ ಬೆಳ್ಳಿ ಪಟ್ಟಿ ಅಸಲಿಯದಲ್ಲ, ಹೆರೆದ ಜಾಗಕ್ಕೆ ಅಂಟಿಸಿದ ಚೀಟಿ. ಒಂದು ಮೂಲೆ ಉಗುರಿಗೆ ಸಿಕ್ಕಿ ಮೇಲೆದ್ದಿತು.

ಕಳ್ಳರು ಅಂಗಡಿಯಲ್ಲಿ ನೇತುಹಾಕಿದ ಕಾರ್ಡುಗಳನ್ನು ಕದ್ದು, ಸಂಖ್ಯೆ ಬರೆದುಕೊಂಡು, ಮತ್ತೆ ಅಂಟಿಸಿ, ಅಲ್ಲೇ ನೇತುಹಾಕುತ್ತಾರೆ. ನೀವು ಹಣ ತುಂಬಿಸಿದೊಡನೆ ಅವರು ಬಳಿದುಕೊಳ್ಳುತ್ತಾರೆ. ಕಾರ್ಡಿನ ಹಿಂದಿದ್ದ ಸಂಖ್ಯೆಗೆ ಫೋನ್ ಮಾಡಿದೆ, ಮೊದಲ ಪ್ರಶ್ನೆಯೇ ‘ರಸೀದಿ ಇದೆಯೇ?’. ಅಲ್ಲಿಗೆ ಮುಗಿಯಿತು. 2009ರ ಕಾನೂನಿನ ಪ್ರಕಾರ ಕಾರ್ಡಿನ ಹಣಕ್ಕೆ ಕನಿಷ್ಠ ಐದು ವರ್ಷ ಅವಧಿ ಇರಬೇಕು, ನಿಜ. ಆದರೆ ಹಣ ಕಳುವಾದರೆ ಕ್ರೆಡಿಟ್ ಕಾರ್ಡಿಗಿರುವ ರಕ್ಷಣೆ ಇದಕ್ಕಿಲ್ಲ. ಹೋದ ವರ್ಷ ಸಾಗರದಿಂದ ಹೊಸದಾಗಿ ಬಂದ ಹುಡುಗನೊಬ್ಬ ನಾನು ಹೇಳಿದರೂ ಕೇಳದೆ ಇಂಥವೇ ಎರಡು ತಂದು ಎರಡನ್ನೂ ಕಳೆದುಕೊಂಡ.

ತರಲೇಬೇಕೆಂದರೆ ಕಾರ್ಡಿರುವ ಲಕೋಟೆಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಅಂಟು ದಪ್ಪವಾಗಿದ್ದರೆ ಬಿಡಿ. ಕೌಂಟರಿನ ಹಿಂದೆ ಇಟ್ಟಿರುವುದನ್ನೇ ಕೇಳಿ. ರಸೀದಿಯನ್ನೂ ಕಾರ್ಡಿನ ಎರಡೂ ಬದಿಯನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಬೇಗ ಖರ್ಚು ಮಾಡಲು ಮಗುವಿಗೆ ಹೇಳಿ.

ಚೆಕ್ ಕೊಡುವವರಿಗೆ ಒಂದೇ ಮಾತು: ‘ಪುಟ್ಟ’, ‘ಚಿನ್ನು’ ಎಂದು ಬರೆಯಬೇಡಿ. ಬ್ಯಾಂಕ್ ಖಾತೆಯಲ್ಲಿರುವ ಹೆಸರೇ ಬೇಕು. ಆರು ತಿಂಗಳು ಕಳೆದ ಚೆಕ್ಕಿಗೆ ಹಣ ಕೊಡಲೇಬೇಕೆಂದು ಬ್ಯಾಂಕಿಗೆ ಕಟ್ಟುಪಾಡಿಲ್ಲ.

ಈಗ ನಾನು ಊರಿನ ಪದ್ಧತಿಗೇ ಮರಳಿದ್ದೇನೆ. ಹಸೆ ಚಿತ್ತಾರ ಬಿಡಿಸಿದ ಲಕೋಟೆ, ಒಳಗೆ 51 ಡಾಲರ್ ನಗದು. ಈ ಸಲ ಪಡೆದ ಹುಡುಗ ಎಣಿಸಿ ನೋಡಿ, ‘ಅಂಕಲ್, ಒಂದು ಡಾಲರ್ ಹೆಚ್ಚು ಬಂದಿದೆ’ ಎಂದು ವಾಪಸು ಚಾಚಿದ. ಶಿವಮೊಗ್ಗದಿಂದ ವಿಡಿಯೋ ಕಾಲ್‌ನಲ್ಲಿದ್ದ ಅವನ ಅಜ್ಜಿ ಅಲ್ಲಿಂದಲೇ ಗದರಿದರು: ‘ಏ, ಅದನ್ನು ಹಿಂದೆ ಕೊಡಬಾರದು ಕಣೋ!’