ಸೆಪ್ಟೆಂಬರ್‌ನಲ್ಲಿ ಇಳಿದವಳಿಗೆ ಜನವರಿ ಸಿಕ್ಕಿತು

ನಾನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರಿಗೆ ಮೊದಲ ಸಲ ಇಳಿದದ್ದು ಒಂದು ಜುಲೈ ಮಧ್ಯಾಹ್ನ. ಬೇಸಿಗೆ ಅಲ್ವಾ, ಈಗಲೇ ಶುರು ಮಾಡೋಣ ಅಂದುಕೊಂಡಿದ್ದೆ. ಅಕ್ವಾಟಿಕ್ ಪಾರ್ಕ್ ದಡದಲ್ಲಿ ಜನ ಜಾಕೆಟ್ ಜಿಪ್ ಎಳೆದುಕೊಂಡು ನಿಂತಿದ್ದರು. ಗೋಲ್ಡನ್ ಗೇಟ್ ಸೇತುವೆ ಮಂಜಿನಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ನಾಲ್ಕೇ ನಿಮಿಷಕ್ಕೆ ಹೊರಗೆ ಬಂದೆ. ನೀರು 15 ಡಿಗ್ರಿ ಇತ್ತು. ಈಗ ಯೋಚಿಸಿದರೆ ಅದು ಒಳ್ಳೆಯ ನೀರೇ. ಆದರೆ ಹೊರಗೆ ಬಂದ ಮೇಲೆ ಪಶ್ಚಿಮದ ಗಾಳಿ ಒದ್ದೆ ಮೈಗೆ ಬಡಿಯಿತು ನೋಡಿ, ಅವತ್ತು ಸೋತದ್ದು ಅಲ್ಲಿ. ಬೇಸಿಗೆಯಲ್ಲಿ ಇಲ್ಲಿ ಗಾಳಿ ಏಳುವುದೇ ಮಧ್ಯಾಹ್ನದ ಮೇಲೆ. ಈಜುವವರು ಬೆಳಗ್ಗೆಯೇ ಮುಗಿಸಿ ಹೋಗುತ್ತಾರೆ. ಅದು ನನಗೆ ಆಗ ಗೊತ್ತಿರಲಿಲ್ಲ.

ಮತ್ತೆ ಹೋದದ್ದು ಸೆಪ್ಟೆಂಬರ್‌ನಲ್ಲಿ. ಈ ಊರಿನಲ್ಲಿ ನೀರು ವರ್ಷದಲ್ಲಿ ಅತಿ ಬೆಚ್ಚಗಿರುವುದು ಆಗಲೇ, ಸುಮಾರು 16, ಕೆಲವೊಮ್ಮೆ 17 ಡಿಗ್ರಿ. ಕಾರಣ ಹೀಗೆ. ವಸಂತದಿಂದ ಬೇಸಿಗೆಯವರೆಗೆ ಕರಾವಳಿಯ ಉದ್ದಕ್ಕೂ ವಾಯುವ್ಯದ ಗಾಳಿ ಬೀಸುತ್ತದೆ. ಅದು ಸಮುದ್ರದ ಮೇಲ್ಪದರದ ನೀರನ್ನು ದಡದಿಂದ ದೂರ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಆ ಗಾಳಿ ಸಡಿಲಾಗುತ್ತದೆ, ಮಂಜು ತೆಳುವಾಗುತ್ತದೆ, ನೀರಿಗೆ ಬಿಸಿಲು ಸಿಗುತ್ತದೆ. ನೀರಿನ ಬೇಸಿಗೆ ಊರಿಗಿಂತ ತಡವಾಗಿ ಬರುತ್ತದೆ, ಅಷ್ಟೇ.

ಆಮೇಲೆ ನಾನು ಮಾಡಿದ್ದು ಒಂದೇ ಕೆಲಸ: ವಾರಕ್ಕೆ ಮೂರು ಸಲ ಹೋಗುವುದನ್ನು ನಿಲ್ಲಿಸಲಿಲ್ಲ. ನೀರು ಒಂದೇ ದಿನ ತಣ್ಣಗಾಗುವುದಿಲ್ಲ. ಅಕ್ಟೋಬರ್‌ನಲ್ಲಿ 15-16, ನವೆಂಬರ್‌ನಲ್ಲಿ 13-14, ಡಿಸೆಂಬರ್‌ನಲ್ಲಿ 12ರ ಹತ್ತಿರ, ಜನವರಿಯಲ್ಲಿ 10-11. ಅದು ಇಳಿಯುತ್ತಾ ಹೋದ ಹಾಗೆ ನಾನೂ ಅದರ ಜೊತೆ ಇಳಿದೆ. ಯಾರಾದರೂ ಕೇಳಿದರೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ಫೆಬ್ರವರಿಯಲ್ಲಿ ಹುಮ್ಮಸ್ಸಿನಿಂದ ಬಂದು ಒಂದೇ ಸಲ 11 ಡಿಗ್ರಿಗೆ ಧುಮುಕಬೇಡಿ. ಸೆಪ್ಟೆಂಬರ್‌ವರೆಗೆ ಕಾಯಿರಿ. ಇಲ್ಲಿನವರದ್ದು ಫ್ಯಾರನ್‌ಹೀಟ್ ಲೆಕ್ಕ, "ಇವತ್ತು 52" ಅಂದರೆ ನಮ್ಮ 11. ನಾನು ದಾರಕ್ಕೆ ಕಟ್ಟಿದ ಸಣ್ಣ ಥರ್ಮಾಮೀಟರ್ ಒಂದನ್ನು ಇಟ್ಟುಕೊಂಡಿದ್ದೇನೆ, ಪ್ರತಿ ಸಲ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ: ಡಿಗ್ರಿ, ನಿಮಿಷ, ಗಾಳಿ, ಮೈ ಹೇಗಿತ್ತು.

ಇಳಿಯುವ ರೀತಿಗೆ ಬರೋಣ. ತಣ್ಣೀರಿನ ಮೊದಲ ಎರಡು ಮೂರು ನಿಮಿಷವೇ ಅಪಾಯದ ಹೊತ್ತು. ಎದೆ ಹಿಡಿದುಕೊಂಡ ಹಾಗಾಗಿ ಉಸಿರು ತಾನಾಗಿ ಒಳಗೆ ಎಳೆಯುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಕಷ್ಟ. ಅದಕ್ಕೇ ನಾನು ಹಾರುವುದಿಲ್ಲ, ನಡೆದು ಹೋಗುತ್ತೇನೆ. ಸೊಂಟದವರೆಗೆ ನೀರು ಬಂದಾಗ ಮುಖಕ್ಕೂ ಕತ್ತಿನ ಹಿಂದಕ್ಕೂ ನೀರು ಹಾಕಿಕೊಳ್ಳುತ್ತೇನೆ. ಆಮೇಲೆ ಉಸಿರು ಉದ್ದಕ್ಕೆ ಹೊರಗೆ ಬಿಡುತ್ತಾ ಭುಜ ಮುಳುಗಿಸುತ್ತೇನೆ. ತಲೆ ಮೇಲೇ ಇಟ್ಟು ನಿಧಾನಕ್ಕೆ ಈಜಿ, ಉಸಿರು ಹದಕ್ಕೆ ಬಂದ ಮೇಲೆಯೇ ಮುಖ ಒಳಗೆ. ಹಣೆ ಸ್ವಲ್ಪ ಹೊತ್ತು ಸಿಡಿಯುತ್ತದೆ, ಆಮೇಲೆ ತಾನೇ ಹೋಗುತ್ತದೆ.

ವಾಪಸ್ ತಿರುಗುವ ಹೊತ್ತನ್ನು ನನಗೆ ಹೇಳುವುದು ಕಿರುಬೆರಳು. ಚಳಿ ಸ್ನಾಯುಗಳಿಗೆ ಇಳಿದಾಗ ಅದು ಪಕ್ಕದ ಬೆರಳಿನಿಂದ ದೂರ ಸರಿದು ನಿಲ್ಲುತ್ತದೆ, ಎಷ್ಟು ಪ್ರಯತ್ನಿಸಿದರೂ ಸೇರುವುದಿಲ್ಲ. ಅಂಗೈ ನೀರು ಹಿಡಿಯುವುದಿಲ್ಲ, ಬೆರಳ ಸಂದಿಯಿಂದ ಸೋರಿಹೋಗುತ್ತದೆ. ಆ ಕ್ಷಣ ದಡದ ಕಡೆ ತಿರುಗುತ್ತೇನೆ. "ಇನ್ನೊಂದು ಸುತ್ತು" ಅನ್ನುವ ಮಾತೇ ಇಲ್ಲ. ಎಷ್ಟೇ ಚೆನ್ನಾಗಿ ಅನ್ನಿಸುತ್ತಿದ್ದರೂ ಇಲ್ಲ.

ಆ ಪಾಠ ಕಲಿತದ್ದು ಮೊದಲ ಜನವರಿಯಲ್ಲಿ. ನೀರು 10.5. ಬಿಸಿಲಿತ್ತು, ಕೊಲ್ಲಿ ಕನ್ನಡಿಯ ಹಾಗಿತ್ತು. ಹದಿನೈದು ನಿಮಿಷ ಅಂದುಕೊಂಡು ಹೋದವಳು ಇಪ್ಪತ್ತೈದು ನಿಮಿಷ ಇದ್ದೆ. ಕೊನೆಯ ಐದು ನಿಮಿಷ ಚಳಿಯೇ ಅನ್ನಿಸಲಿಲ್ಲ. ಅದು ಒಳ್ಳೆಯ ಲಕ್ಷಣ ಅಂತ ನಾನು ತಿಳಿದೆ. ಹೊರಗೆ ಬಂದು ಒದ್ದೆ ಬಟ್ಟೆಯಲ್ಲೇ ನಗುತ್ತಾ ಮಾತಾಡುತ್ತಾ ನಿಂತೆ. ಹತ್ತು ನಿಮಿಷ ಆಗುವಷ್ಟರಲ್ಲಿ ನಡುಕ ಶುರುವಾಯಿತು. ದವಡೆ, ಭುಜ, ತೊಡೆ, ಎಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಆಗಲಿಲ್ಲ. ವಯಸ್ಸಾದ ಹೆಂಗಸೊಬ್ಬರು ಮಾತಿಲ್ಲದೆ ಬಂದು ನನ್ನ ಒದ್ದೆ ಬಟ್ಟೆ ಬಿಚ್ಚಿಸಿ, ತಲೆಗೆ ತಮ್ಮ ಉಣ್ಣೆ ಟೋಪಿ ಹಾಕಿ, ಕೋಟು ಸುತ್ತಿ ಕೂರಿಸಿದರು. ಅವರ ಕೈ ನನ್ನ ಬೆನ್ನ ಮೇಲೆ ಎಷ್ಟು ಬೆಚ್ಚಗಿತ್ತು ಅನ್ನುವುದು ಈಗಲೂ ನೆನಪಿದೆ.

ನೀರಿನಿಂದ ಹೊರಬಂದ ಮೇಲೂ ಮೈಯ ಹೊರಪದರ ತಣ್ಣಗೇ ಇರುತ್ತದೆ. ಒಳಗಿನ ಶಾಖ ಅದರ ಕಡೆಗೆ ಹರಿಯುತ್ತಲೇ ಇರುತ್ತದೆ. ಅದಕ್ಕೇ ಮೈ ಹೆಚ್ಚು ತಣ್ಣಗಾಗುವುದು ದಡದಲ್ಲಿ ನಿಂತಾಗ. ಈಗ ನಾನು ನೀರಿಗಿಳಿಯುವ ಮೊದಲೇ ಬಟ್ಟೆಯನ್ನು ಹಾಕಿಕೊಳ್ಳುವ ಕ್ರಮದಲ್ಲೇ ಜೋಡಿಸಿಡುತ್ತೇನೆ. ಟೋಪಿ ಎಲ್ಲಕ್ಕಿಂತ ಮೇಲೆ. ಗುಂಡಿ ಇರುವ ಅಂಗಿ ಬೇಡ, ಬೆರಳು ಕೇಳುವುದಿಲ್ಲ. ಹೊರಬಂದ ತಕ್ಷಣ ಒರೆಸಿ, ಸುತ್ತಿ, ಕೂತು, ಬಿಸಿ ಏನಾದರೂ ಗುಟುಕು ಗುಟುಕಾಗಿ. ಮಾತು ಆಮೇಲೆ. ಬಿಸಿ ಶವರ್ ಕೆಳಗೆ ಓಡುವುದೂ ಬೇಡ, ತಲೆ ಸುತ್ತಿ ಬೀಳಬಹುದು.

ಒಬ್ಬಳೇ ಹೋಗುವುದನ್ನೂ ಬಿಟ್ಟೆ. ಬಣ್ಣದ ಟೋಪಿ, ಹಿಂದೆ ಎಳೆದುಕೊಂಡು ಹೋಗುವ ಕಿತ್ತಳೆ ಬಣ್ಣದ ತೇಲುಚೀಲ ಎರಡೂ ಕಡ್ಡಾಯ. ಇನ್ನೊಂದು ಮಾತು, ಜೋರು ಮಳೆ ಬಂದರೆ ಮೂರು ದಿನ ನೀರಿಗಿಳಿಯುವುದಿಲ್ಲ. ಈ ಊರಿನಲ್ಲಿ ಮಳೆನೀರು, ಕೊಳಚೆ ಎರಡೂ ಬಹುಮಟ್ಟಿಗೆ ಒಂದೇ ಕೊಳವೆಯಲ್ಲಿ ಹೋಗುತ್ತವೆ, ತುಂಬಿದರೆ ಕೊಲ್ಲಿಗೆ ಉಕ್ಕುತ್ತದೆ. ದಡದಲ್ಲಿ ಬೋರ್ಡ್ ಹಾಕುತ್ತಾರೆ, ನೋಡಿಕೊಳ್ಳಿ.

ಪಕ್ಕದಲ್ಲೇ 1873ರ ಸೌತ್ ಎಂಡ್ ಕ್ಲಬ್, 1877ರ ಡಾಲ್ಫಿನ್ ಕ್ಲಬ್ ಇವೆ. ಡಾಲ್ಫಿನ್ ಕ್ಲಬ್‌ನವರು ಡಿಸೆಂಬರ್ 21ರಿಂದ ಮಾರ್ಚ್ 21ರ ಒಳಗೆ 40 ಮೈಲಿ ಈಜುವ ಪೋಲಾರ್ ಬೇರ್ ಸವಾಲು ನಡೆಸುತ್ತಾರೆ, ಅಂದರೆ ಸುಮಾರು 64 ಕಿಲೋಮೀಟರ್. ನನ್ನ ಲೆಕ್ಕ ಅದರ ಕಾಲು ಭಾಗವೂ ಇಲ್ಲ. ಪರವಾಗಿಲ್ಲ, ನನಗೆ ಬೇಕಾದದ್ದು ಆ ನೀರು.

ಉಬ್ಬರವಿಳಿತದ ಪಟ್ಟಿಯನ್ನು ನಾನು ತಡವಾಗಿ ಓದಲು ಕಲಿತೆ. ಇಳಿತದ ಸೆಳೆತ ಸೇತುವೆಯ ಕಡೆ, ಸಮುದ್ರದ ಕಡೆ ಎಳೆಯುತ್ತದೆ. ಹಾಗಾಗಿ ನಾನು ತೇಲುಬುರುಡೆಗಳ ಸಾಲು ಬಿಟ್ಟು ಕೊಲ್ಲಿಯ ಬಾಯಿಯ ಕಡೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಇಳಿತದ ಕೊನೆಗೆ ನೀರು ಒಂಚೂರು ಬೆಚ್ಚಗೆ ಅನ್ನಿಸುತ್ತದೆ. ದಕ್ಷಿಣದ ಆಳವಿಲ್ಲದ ಕೊಲ್ಲಿಯಲ್ಲಿ ಬಿಸಿಲಿಗೆ ಕಾದ ನೀರು ಈ ಕಡೆ ಬಂದಿರುತ್ತದೆ. ಉಬ್ಬರ ಶುರುವಾದರೆ ಸಮುದ್ರದ ತಣ್ಣೀರು ಒಳಗೆ ಬರುತ್ತದೆ.

ಮೊನ್ನೆ ನೋಟ್‌ಬುಕ್ ತಿರುವಿ ಹಾಕಿದೆ. ಮೊದಲ ವರ್ಷದ ನವೆಂಬರ್ ಪುಟದಲ್ಲಿ 13 ಡಿಗ್ರಿಯ ಮುಂದೆ ಬರೆದಿದ್ದೇನೆ: "12 ನಿಮಿಷ. ಕೈ ನೋವು. ಸಾಕಪ್ಪಾ." ಅದೇ ಚಳಿಗಾಲ ದಾಟಿದ ಏಪ್ರಿಲ್ ಪುಟದಲ್ಲಿ, ಮತ್ತೆ 13 ಡಿಗ್ರಿ: "30 ನಿಮಿಷ. ನೀರು ಬೆಚ್ಚಗಿತ್ತು. ಸೀಲ್ ಒಂದು ತಲೆ ಎತ್ತಿ ನೋಡಿತು."