ಮಡಿಕೇರಿಯ ಆಯಿಲ್ ಕಲಬುರಗಿಗೆ ಬಂದಾಗ

ನನ್ನದು ಪಲ್ಸರ್ 150. ಮೊದಲ ನಾಲ್ಕು ವರ್ಷ ಮಡಿಕೇರಿಯಲ್ಲಿ ಓಡಿಸಿದೆ. ಆಮೇಲೆ ವರ್ಗವಾಗಿ ಕಲಬುರಗಿಗೆ ಬಂದೆ. ಗಾಡಿ ಒಂದೇ, ಹವೆ ಮಾತ್ರ ಪೂರ್ತಿ ಬೇರೆ. ಆಯಿಲ್ ಬಗ್ಗೆ ನಾನು ಕಲಿತದ್ದೆಲ್ಲ ಈ ಎರಡು ಊರಿನ ನಡುವೆಯೇ.

ಈ ಗಾಡಿಯ ಪುಸ್ತಕದಲ್ಲಿ 20ಡಬ್ಲ್ಯೂ-50 ದರ್ಜೆಯ ಎಂಜಿನ್ ಆಯಿಲ್ ಹಾಕಿ ಅಂತ ಇದೆ. ಆದರೆ ಮಡಿಕೇರಿಯಲ್ಲಿ ಒಬ್ಬ ಮೆಕ್ಯಾನಿಕ್, "ಇಲ್ಲಿ ಚಳಿ ಅಲ್ವಾ ಸರ್, ತೆಳುವಾದ 10ಡಬ್ಲ್ಯೂ-30 ಹಾಕಿ, ಮೈಲೇಜೂ ಬರುತ್ತೆ" ಅಂದರು. ಹಾಕಿಸಿದೆ. ಬೆಳಿಗ್ಗೆ ಗಾಡಿ ಹಗುರಾಗಿ ಸ್ಟಾರ್ಟ್ ಆಗುತ್ತಿತ್ತು. ಬೇರೇನೂ ವ್ಯತ್ಯಾಸ ಕಾಣಲಿಲ್ಲ. ಅದೇ ಅಭ್ಯಾಸವಾಯಿತು.

ಕಲಬುರಗಿಗೆ ಬಂದ ಮೊದಲ ಮೇ ತಿಂಗಳು. ಮಧ್ಯಾಹ್ನ 42 ಡಿಗ್ರಿ. ಆಫೀಸಿನಿಂದ ಹೊರಟು ಸಿಗ್ನಲ್‌ನಲ್ಲಿ ನಿಂತರೆ ನ್ಯೂಟ್ರಲ್ಲೇ ಬೀಳುತ್ತಿರಲಿಲ್ಲ. ಎಂಜಿನ್ ತಲೆಯಿಂದ ಕಟಕಟ ಸದ್ದು. ಬೆಳಿಗ್ಗೆ ತಣ್ಣಗಿದ್ದಾಗ ಏನೂ ಇಲ್ಲ, ಅರ್ಧ ಗಂಟೆ ಓಡಿಸಿದರೆ ಶುರು. ಒಂದು ದಿನ ಡಬಲ್ ಸ್ಟ್ಯಾಂಡ್ ಹಾಕಿ, ಬಲಗಡೆ ಕೆಳಗಿರುವ ಆಯಿಲ್ ಗಾಜಿಗೆ ಕಣ್ಣಿಟ್ಟು ನೋಡಿದೆ. ಆಯಿಲ್ ಕೆಳಗಿನ ಗೆರೆಗಿಂತ ಕೆಳಗಿತ್ತು. ಹಾಕಿಸಿ 1,500 ಕಿಲೋಮೀಟರ್ ಕೂಡ ಆಗಿರಲಿಲ್ಲ. ಎಲ್ಲೂ ಸೋರಿರಲಿಲ್ಲ. ತೆಳುವಾದ ಆಯಿಲ್ ಪಿಸ್ಟನ್ ರಿಂಗ್ ದಾಟಿ ಮೇಲೇರಿ ಉರಿದುಹೋಗಿತ್ತು. ಇಲ್ಲಿನ ಮೆಕ್ಯಾನಿಕ್ ಡ್ರೈನ್ ನಟ್ಟು ಬಿಚ್ಚಿ, ಎರಡು ಬೆರಳ ನಡುವೆ ಒಂದು ತೊಟ್ಟು ಹಿಚುಕಿ ನೋಡಿ, "ಏನ್ ಹಾಕೀರಿ ಸರ, ಪೂರಾ ನೀರಾಗ್ಯದಲ್ಲ" ಅಂದರು.

ಆಗ ಈ ಅಂಕಿಗಳನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲೇಬೇಕು ಅನ್ನಿಸಿತು. ಎರಡೂ ಆಯಿಲ್ಲನ್ನು ಒಂದೊಂದು ಚಿಕ್ಕ ಗಾಜಿನ ಬಾಟಲಿಗೆ ಹಾಕಿದೆ. ಸೈಕಲ್ ಚಕ್ರದ ನಡುವೆ ಇರುತ್ತದಲ್ಲ, ಆ ಉಕ್ಕಿನ ಬಾಲ್ಸ್ ಒಂದೊಂದು ಬಿಟ್ಟು ಮುಚ್ಚಳ ಬಿಗಿ ಮಾಡಿದೆ. ಬಾಟಲಿ ತಲೆಕೆಳಗು ಮಾಡಿದರೆ ಬಾಲ್ಸ್ ಎಷ್ಟು ಹೊತ್ತಿಗೆ ಕೆಳಗಿಳಿಯುತ್ತದೆ ಅಂತ ನೋಡುವುದು, ಅಷ್ಟೇ. ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ತೆಗೆದಾಗ 20ಡಬ್ಲ್ಯೂ-50ರೊಳಗೆ ಬಾಲ್ಸ್ ಜೋನಿಬೆಲ್ಲದಲ್ಲಿ ಸಿಕ್ಕಿಕೊಂಡ ಹಾಗೆ ನಿಂತೇಬಿಟ್ಟಿತ್ತು, ಆಮೇಲೆ ನಿಧಾನಕ್ಕೆ ಜಾರಿತು. 10ಡಬ್ಲ್ಯೂ-30ರಲ್ಲಿ ಇದಕ್ಕಿಂತ ಬೇಗ ಇಳಿಯಿತು. ಆದರೆ ಬೆಳಗಿನ ಜಾವದ ಹೊರಗಿನ ತಂಪಿನಲ್ಲಿಟ್ಟು ನೋಡಿದರೆ ಎರಡರಲ್ಲೂ ಸಲೀಸಾಗಿ ಇಳಿಯಿತು. ಕುದಿಯುವ ನೀರಿನ ಪಾತ್ರೆಯಲ್ಲಿಟ್ಟಾಗ ಎರಡೂ ತೆಳುವಾದವು, 30 ಮಾತ್ರ ಜಾಸ್ತಿ ತೆಳು.

ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. 20ಡಬ್ಲ್ಯೂ ಅನ್ನಿಸಿಕೊಳ್ಳಲು ಸೊನ್ನೆಗಿಂತ 20 ಡಿಗ್ರಿ ಕೆಳಗೂ ಅದನ್ನು ಪಂಪ್ ಎಳೆಯುವ ಹಾಗಿರಬೇಕು. ಮಡಿಕೇರಿಯ ಚಳಿ 10 ಡಿಗ್ರಿ ಆಸುಪಾಸು. ಅಂದರೆ ನಾನು ಹೆದರಿಕೊಂಡಿದ್ದ ಚಳಿ ಈ ಆಯಿಲ್‌ಗೆ ಚಳಿಯೇ ಅಲ್ಲ. ಚಳಿಗಾಲದಲ್ಲಿ ಲಡಾಖ್‌ನಲ್ಲಿ ಓಡಿಸುವವರಿಗೆ ಈ ಅಂಕಿ ಮುಖ್ಯ. ಕರ್ನಾಟಕದೊಳಗೆ ಓಡಿಸುವವರು ಇದಕ್ಕಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ.

ಎರಡನೇ ಅಂಕಿ ನೂರು ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದು. ಬಿಸಿಯಾದರೆ ಆಯಿಲ್ ದಪ್ಪ ಆಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಯಾವ ಆಯಿಲ್ಲಾದರೂ ಬಿಸಿಗೆ ತೆಳುವೇ ಆಗುತ್ತದೆ, 50 ಸ್ವಲ್ಪ ಕಡಿಮೆ ತೆಳುವಾಗುತ್ತದೆ ಅಷ್ಟೇ. ನಮ್ಮದು ಗಾಳಿಯಿಂದ ತಣಿಯುವ ಎಂಜಿನ್. ಹೊರಗಿನ ಗಾಳಿಯೇ 42 ಡಿಗ್ರಿ ಇದ್ದು, ಗಾಡಿ ಸಿಗ್ನಲ್‌ನಲ್ಲಿ ನಿಂತಿದ್ದರೆ ಆ ಗಾಳಿಯೂ ಸಿಗುವುದಿಲ್ಲ. ಪುಸ್ತಕ 50 ಅಂದಿದ್ದರೆ 30 ಅಲ್ಲಿ ಸಾಲುವುದಿಲ್ಲ.

ಹಾಗಂತ ಬಿಸಿಲೂರಿನ ಎಲ್ಲ ಗಾಡಿಗೂ 50 ಸುರಿಯುವುದೂ ತಪ್ಪು. ನನ್ನ ತಮ್ಮನ ಸ್ಪ್ಲೆಂಡರ್ ಇದೇ ಕಲಬುರಗಿಯಲ್ಲಿ 10ಡಬ್ಲ್ಯೂ-30 ಹಾಕಿಕೊಂಡು ಆರಾಮಾಗಿ ಓಡುತ್ತಿದೆ. ಅದರ ಕೈಪಿಡಿಯಲ್ಲಿ ಇರುವುದೇ ಅದು. ಆ ಎಂಜಿನ್ನಿನ ಸಂದುಗಳು, ಪಂಪು ಎಲ್ಲ ತೆಳು ಆಯಿಲ್ ಲೆಕ್ಕಕ್ಕೇ ಮಾಡಿದ್ದು. ಬೇಸಿಗೆ ಅಂತ ಒಮ್ಮೆ ಅವನು 20ಡಬ್ಲ್ಯೂ-50 ಹಾಕಿಸಿದ್ದ. ಪಿಕಪ್ ಕುಂದಿತು, ಪೆಟ್ರೋಲ್ ಜಾಸ್ತಿ ಕುಡಿಯಿತು. ಮತ್ತೆ ಹಳೆಯದಕ್ಕೇ ಬಂದ. ಮೊದಲು ಎಂಜಿನ್, ಆಮೇಲೆ ಊರು. ಪುಸ್ತಕದಲ್ಲಿ ಎರಡು ಮೂರು ದರ್ಜೆ ಕೊಟ್ಟಿದ್ದರೆ ಮಾತ್ರ ನಿಮ್ಮ ಹವೆ ನೋಡಿ ಆರಿಸಿಕೊಳ್ಳಿ.

ಡಬ್ಬದ ಹಿಂದೆ ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯಾ, ಅದನ್ನೂ ನೋಡಿ. ಈ ಆಯಿಲ್‌ನಲ್ಲಿ ಕ್ಲಚ್ ಜಾರುವುದಿಲ್ಲ ಅನ್ನುವ ಜಪಾನಿನ ಗುಣಮಟ್ಟದ ಗುರುತು ಅದು. ಬೈಕಿನ ಕ್ಲಚ್ ಪ್ಲೇಟು ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ನಮ್ಮ ಪಕ್ಕದ ಮನೆಯವರು ಕಾರಿಗೆ ಹಾಕಿ ಉಳಿದ ಆಯಿಲ್ ಬೈಕಿಗೆ ಹಾಕಿದ್ದರು. ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಕೊನೆಗೆ ಪ್ಲೇಟುಗಳನ್ನೇ ಬದಲಿಸಬೇಕಾಯಿತು. ಎಂಬಿ ಅಂತಿದ್ದರೆ ಅದು ಗೇರಿಲ್ಲದ ಸ್ಕೂಟರಿಗೆ.

ಮಡಿಕೇರಿಯಲ್ಲಿ ನಾನು ನಿಜವಾಗಿ ಗಮನಿಸಬೇಕಿದ್ದದ್ದು ಚಳಿಯನ್ನಲ್ಲ, ಮಳೆಗಾಲದ ತೇವವನ್ನು. ಮನೆಯಿಂದ ಆಫೀಸಿಗೆ ಎರಡೇ ಕಿಲೋಮೀಟರ್. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್. ಒಳಗೆ ಕಟ್ಟಿದ ನೀರು ಆವಿಯಾಗಿ ಹೋಗುತ್ತಲೇ ಇರಲಿಲ್ಲ. ಜುಲೈನಲ್ಲಿ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೊರೆ ಅಂಟಿರುತ್ತಿತ್ತು. ತೆಳು ಆಯಿಲ್ ಇದಕ್ಕೆ ಮದ್ದಲ್ಲ. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ, ಕುಶಾಲನಗರದವರೆಗೆ ಹೋಗಿ ಬಂದಿದ್ದರೆ, ಮಳೆ ನಿಂತ ಮೇಲೆ ಆಯಿಲ್ ಬದಲಿಸಿದ್ದರೆ ಸಾಕಿತ್ತು.

ಕಲಬುರಗಿಯಲ್ಲಿ 20ಡಬ್ಲ್ಯೂ-50 ಹಾಕಿದ ದಿನವೇ ಕಟಕಟ ತಗ್ಗಿತು. ಈಗಲೂ ಬೇಸಿಗೆಯಲ್ಲಿ ಪ್ರತಿ ಭಾನುವಾರ ಆಯಿಲ್ ಗಾಜು ನೋಡುತ್ತೇನೆ. ಎರಡು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಗಾಡಿಯನ್ನು ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನೋಡಬೇಕು. ಸೈಡ್ ಸ್ಟ್ಯಾಂಡ್‌ನಲ್ಲಿ ವಾಲಿಸಿ ನೋಡಿದರೆ ಮಟ್ಟ ತಪ್ಪು ಕಾಣುತ್ತದೆ.